ಸಾಣೆಕಲ್ಲು ಬೀದಿಗೆ ಕೆರೆ ಬಂದಿದೆ ಎಂದು ನಾನು ಹೇಳಿದ್ದು

ಭಾನುವಾರ ಬೆಳಗ್ಗೆ ಆರೂವರೆಗೆ ನಮ್ಮ ಊರಿನ ಪ್ರತಿ ಹಾಲಿನ ಬೂತಿನ ಕಂಬದ ಮೇಲಿಂದ ಒಂದು ಹುಡುಗಿಯ ದನಿ ಕೇಳಿಸುತ್ತದೆ. ಈ ವಾರ ಕೆರೆ ಯಾವ ಬೀದಿಗೆ ಬಂದಿದೆ ಎಂದು ಅದು ಎರಡು ಸಲ ಹೇಳಿ ಸುಮ್ಮನಾಗುತ್ತದೆ. ಎರಡು ವರ್ಷ ಆ ದನಿ ನನ್ನದಾಗಿತ್ತು. ವಿನುತಾ ಎಂಬ ನನ್ನ ಹೆಸರಾಗಲಿ ಮುಖವಾಗಲಿ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೆ ದನಿ ಎಲ್ಲರಿಗೂ ಗೊತ್ತಿತ್ತು. ತರಕಾರಿ ಅಂಗಡಿಯಲ್ಲಿ ಅರ್ಧ ಕೆಜಿ ಬೀನ್ಸ್ ಕೇಳಿದರೂ ಪಕ್ಕದವರು ತಿರುಗಿ ನೋಡುತ್ತಿದ್ದರು. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಕೆರೆ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಊರಿನ ಯಾವುದೋ ಒಂದು ಬೀದಿಗೆ ಬರುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗುತ್ತದೆ. ಎಲ್ಲಿಗೆ ಬರುತ್ತದೆ ಎಂದು ಮೊದಲೇ ಹೇಳಿದವರು ಯಾರೂ ಇಲ್ಲ. ಹೇಳುತ್ತೇವೆಂದು ಬೋರ್ಡು ಹಾಕಿಕೊಂಡಿದ್ದ ಇಬ್ಬರು ಜ್ಯೋತಿಷಿಗಳು ಈಗ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಬಂದ ಬೀದಿಯಲ್ಲಿ ಎರಡು ಸಾಲು ಮನೆಗಳ ನಡುವೆ ನೀರು ನಿಲ್ಲುತ್ತದೆ, ಅಂಚಿನಲ್ಲಿ ಪಾದ ಮುಳುಗುವಷ್ಟು, ನಡುವೆ ಈಜುವಷ್ಟು. ಜನ ಇದಕ್ಕೆ ಯಾವತ್ತೋ ಹೊಂದಿಕೊಂಡಿದ್ದಾರೆ. ಶನಿವಾರ ಸಂಜೆಯೇ ಸ್ಕೂಟರುಗಳನ್ನು ಹಲಗೆ ಹಾಕಿ ಜಗಲಿಗೆ ಏರಿಸುತ್ತಾರೆ. ಮದುವೆ ಕಾಗದದಲ್ಲಿ ‘ಕೆರೆ ಬಂದಲ್ಲಿ ಊಟ ಮಹಡಿಯ ಮೇಲೆ’ ಎಂದು ಅಚ್ಚು ಹಾಕಿಸುತ್ತಾರೆ. ಸೋಮವಾರ ಬೂಟಿನೊಳಗೆ ಮೀನು ಸಿಕ್ಕಿ ತಡವಾಯಿತು ಎಂದರೆ ಯಾವ ಮೇಷ್ಟರೂ ಮಕ್ಕಳನ್ನು ಬೈಯುವುದಿಲ್ಲ.

ಈ ಊರಿನ ಮನೆಗಳಿಗೆಲ್ಲ ಬೀದಿಯ ಕಡೆಗೆ ಒಂಬತ್ತು ಕಲ್ಲಿನ ಮೆಟ್ಟಿಲುಗಳಿವೆ. ವಾರದ ಆರು ದಿನ ಅವುಗಳ ಮೇಲೆ ಹೊರಗಿನವರು ಕಾಲಿಟ್ಟರೆ ಸಾಕು, ಕಿಟಕಿಯಿಂದ ಒಂದು ಮುಖ ಇಣುಕಿ ಯಾರು ಬೇಕು ಎಂದು ಕೇಳುತ್ತದೆ. ಭಾನುವಾರ ಮಾತ್ರ ಮೆಟ್ಟಿಲು ಎಲ್ಲರದ್ದು. ಅಂದು ಮೆಟ್ಟಿಲ ಮೇಲೆ ಕೂತವರನ್ನು ಯಾರೂ ಏಳಿಸುವಂತಿಲ್ಲ, ಮನೆಯವರು ಮಜ್ಜಿಗೆ ಕೊಡಬೇಕು. ಇದು ಕೆರೆ ಕಚೇರಿಯ ಹಳೆಯ ಕಟ್ಟಳೆ, ಯಾರೂ ಮುರಿದದ್ದನ್ನು ನಾನು ನೋಡಿಲ್ಲ.

ಸಣ್ಣ ಊರಿನಿಂದ ಬಂದ ನನ್ನಂಥವಳಿಗೆ ಆ ಒಂದು ದಿನ ಎಷ್ಟು ದೊಡ್ಡದು ಎಂದು ಇಲ್ಲೇ ಹುಟ್ಟಿದವರಿಗೆ ತಿಳಿಯುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಇಲ್ಲಿ ಕೂರಲು ಜಾಗವೇ ಇಲ್ಲ. ಬೆಳಗ್ಗೆ ಬಸ್ಸಿನಲ್ಲಿ ನಿಂತು ಹೋಗಬೇಕು, ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನಬೇಕು. ನಾನು ಕೆಲಸಕ್ಕಿದ್ದ ಕೆರೆ ಕಚೇರಿಯಲ್ಲಿ ಕುರ್ಚಿಯೇನೋ ಇತ್ತು, ಆದರೆ ಸೋಫಾ ನೆನೆಯಿತು, ತುಳಸಿಕಟ್ಟೆಯಲ್ಲಿ ಏಡಿ ಸೇರಿಕೊಂಡಿದೆ ಎಂಬ ದೂರುಗಳನ್ನು ಬರೆದುಕೊಳ್ಳುತ್ತ ಕೂತರೆ ಅದನ್ನು ಕೂರುವುದು ಎನ್ನಲಾಗದು. ಭಾನುವಾರ ಮೈಕಿನ ಕೆಲಸ ಮುಗಿಸಿ ನಾನೂ ನನ್ನ ಕೋಣೆಯ ಗೆಳತಿ ಪ್ರೆಸಿಲ್ಲಾಳೂ ‘ಕೆರೆಗೆ’ ಎಂಬ ಬೋರ್ಡಿನ ಬಸ್ಸು ಹತ್ತುತ್ತಿದ್ದೆವು. ಅವಳು ಕರಾವಳಿಯವಳು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಚುರುಮುರಿ ಪೊಟ್ಟಣ ಹಿಡಿದು ಯಾರದೋ ಮನೆಯ ಮೂರನೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟರೆ, ಪಕ್ಕದಲ್ಲಿ ಕೂತವರು ತಾವಾಗಿ ಮಾತಿಗೆಳೆಯುತ್ತಿದ್ದರು. ಹೀಗೆ ಒಂದೊಂದು ಬೀದಿಯಲ್ಲಿ ಒಂದೊಂದು ಮೆಟ್ಟಿಲು ಗುರುತಾಗಿ ಇಷ್ಟು ದೊಡ್ಡ ಊರು ನನಗೆ ಪರಿಚಯವಾಯಿತು. ಪ್ರೆಸಿಲ್ಲಾಳಿಗೆ ನಿಶ್ಚಯವಾಗಿರುವ ಹುಡುಗನೂ ಸಿಕ್ಕಿದ್ದು ಅಂಥ ಒಂದು ಮೆಟ್ಟಿಲ ಮೇಲೆಯೇ.

ನಾವಿಬ್ಬರೂ ಇದ್ದದ್ದು ಸಾಣೆಕಲ್ಲು ಬೀದಿಯಲ್ಲಿ, ಪುಟ್ಟಲಿಂಗಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ. ಅದು ಮೆಟ್ಟಿಲುಗಳ ಮೇಲಕ್ಕೆ ಚಾಚಿಕೊಂಡಂತೆ ಕಟ್ಟಿದ ಕೋಣೆ. ಎರಡು ಮಂಚ, ಬೀದಿಗೆ ತೆರೆಯುವ ಒಂದು ಕಿಟಕಿ, ಕಿಟಕಿಯಲ್ಲಿ ನನ್ನದೊಂದು ದೊಡ್ಡಪತ್ರೆ ಗಿಡ. ನೋಡಿದರೆ ಏನೂ ಇಲ್ಲ, ಆದರೆ ಈ ಊರಿಗೆ ಬಂದ ಮೊದಲ ವರ್ಷದಲ್ಲಿ ನಾಲ್ಕು ಹಾಸ್ಟೆಲು ಬದಲಿಸಿದ ನನಗೆ ಬೀಗ ತೆಗೆದು ಒಳಗೆ ಹೋದೊಡನೆ ಉಸಿರು ಹಗುರಾಗುತ್ತಿದ್ದ ಜಾಗ ಅದೊಂದೇ.

ಆದರೆ ನಮ್ಮ ಬೀದಿಗೆ ಕೆರೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಯಾಕೆಂದು ಕೇಳಿದರೆ ಒಂದೊಂದು ಮನೆಯವರು ಇನ್ನೊಂದು ಮನೆಯತ್ತ ಕೈ ತೋರಿಸುತ್ತಿದ್ದರು. ಮೂಲೆಮನೆಯವರು ಮೋಟಾರು ಹಚ್ಚಿ ಕೆರೆಯ ನೀರನ್ನು ತಮ್ಮ ಟ್ಯಾಂಕಿಗೆ ಎತ್ತಿದ್ದಕ್ಕೆ ಕೋಪ ಬಂತು ಎನ್ನುವವರೊಬ್ಬರು, ಎದುರುಮನೆಯವರು ಮಜ್ಜಿಗೆಗೆ ನೀರು ಹೆಚ್ಚು ಹಾಕಿದ್ದಕ್ಕೆ ಎನ್ನುವ ಮೂಲೆಮನೆಯವರು. ಬೀದಿಗೆ ಹೊರಗಿನವರು ಬರುವುದೇ ನಿಂತುಹೋಗಿತ್ತು. ಭಾನುವಾರ ಇಲ್ಲಿಯವರೇ ಬೇರೆ ಬೀದಿಗಳ ಮೆಟ್ಟಿಲಿಗೆ ಹೋಗುತ್ತಿದ್ದರು. ಪುಟ್ಟಲಿಂಗಮ್ಮನವರು ಮಾತ್ರ ಹೋಗುತ್ತಿರಲಿಲ್ಲ. ಎದ್ದೊಡನೆ ಬಾಗಿಲು ತೆಗೆದು ಬೀದಿ ನೋಡುವರು, ಒಣಗಿದೆ ಎಂದು ಕಂಡಮೇಲೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಇಡುವರು. ಗಂಡ ಚಿಕ್ಕಮರಿಯಪ್ಪನವರು, ಅದು ಬಂದರೆ ತಾನಾಗಿ ಬಾಗಿಲು ಬಡಿಯುತ್ತದೆ ಬಿಡು ಎಂದು ರೇಗಿಸುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಬೀದಿಯ ಗೋಡೆಗಳ ಮೇಲೆ ಪಾಲಿಕೆಯ ನೋಟೀಸು ಬಂತು. ಇಪ್ಪತ್ತೆರಡು ವರ್ಷ ಕೆರೆ ಬಾರದ ಬೀದಿಗೆ ಮೆಟ್ಟಿಲು ಅನಗತ್ಯ, ಆದ್ದರಿಂದ ಮೆಟ್ಟಿಲುಗಳನ್ನೂ ಅವುಗಳ ಮೇಲಿನ ಕಟ್ಟಡ ಭಾಗವನ್ನೂ ತೆಗೆದು ರಸ್ತೆ ಅಗಲ ಮಾಡಲಾಗುವುದು. ಒಡೆಯುವ ಕೆಲಸ ಭಾನುವಾರ. ಇಲ್ಲಿ ಒಡೆಯುವುದೆಲ್ಲ ಭಾನುವಾರವೇ, ಅಂದು ಕೆರೆ ಬಂದ ಬೀದಿ ಬಿಟ್ಟು ಬೇರೆಲ್ಲೂ ಅಡ್ಡ ಬರಲು ಯಾರೂ ಇರುವುದಿಲ್ಲ. ಇಪ್ಪತ್ತೆರಡು ವರ್ಷ ತುಂಬಲು ಉಳಿದಿದ್ದದ್ದು ಆರು ಭಾನುವಾರ. ಕಟ್ಟಡ ಭಾಗ ಎಂದರೆ ನನ್ನ ಕೋಣೆ. ಪ್ರೆಸಿಲ್ಲಾ ಹೇಗೂ ಮದುವೆಯಾಗಿ ಹೊರಡುವವಳು. ನಾನು ಮತ್ತೆ ಟ್ರಂಕು ಹೊತ್ತು ಹಾಸ್ಟೆಲುಗಳ ಬಾಗಿಲು ತಟ್ಟಬೇಕು, ಇಲ್ಲವೇ ಊರಿಗೆ ಮರಳಬೇಕು.

ಐದು ಭಾನುವಾರ ಮೈಕಿನ ಮುಂದೆ ಕೂತು ಐದು ಬೇರೆ ಬೀದಿಗಳ ಹೆಸರು ಹೇಳಿದೆ. ಆರನೆಯ ಭಾನುವಾರ ಸೈಕಲ್ಲಿನಲ್ಲಿ ಊರು ಸುತ್ತುವ ಕಾವಲುಗಾರ ಫೋನು ಮಾಡಿ, ಕೆರೆ ಗಂಟೆಮನೆ ಬೀದಿಯಲ್ಲಿದೆ ಎಂದ. ನಾನು ಚೀಟಿಯಲ್ಲಿ ಗಂಟೆಮನೆ ಎಂದೇ ಬರೆದುಕೊಂಡೆ. ಮೇಲಿನ ಅಧಿಕಾರಿ ಅಡಿವೆಪ್ಪ ಸರ್ ಇನ್ನೂ ಬಂದಿರಲಿಲ್ಲ. ನಾನು ಮೈಕಿನಲ್ಲಿ ಹೇಳಿದ ಬೀದಿಯೇ ಕಚೇರಿಯ ದೊಡ್ಡ ಪುಸ್ತಕದಲ್ಲಿ ದಾಖಲಾಗುವುದು ಇಲ್ಲಿಯ ಪದ್ಧತಿ, ಒಮ್ಮೆ ದಾಖಲಾದರೆ ಆ ಬೀದಿಗೆ ಮತ್ತೆ ಇಪ್ಪತ್ತೆರಡು ವರ್ಷದ ಆಯಸ್ಸು. ಇದೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡಿತು. ಈ ವಾರ ಕೆರೆ ಸಾಣೆಕಲ್ಲು ಬೀದಿಗೆ ಬಂದಿದೆ ಎಂದೆ. ಎರಡನೆಯ ಸಲವೂ ಹಾಗೆಯೇ ಹೇಳಿದೆ. ಅವತ್ತು ಕೇಳಿದವರಿಗೆಲ್ಲ ನಾಲಿಗೆ ಹೊರಳಿತು ಎಂದು ಹೇಳಿದೆ, ಆದರೆ ನಾಲಿಗೆಯದೇನೂ ತಪ್ಪಿರಲಿಲ್ಲ. ಬೇಕೆಂದೇ ಹೇಳಿದೆ.

ಸುಳ್ಳು ಹೇಳುವಾಗ ನಾನು ಪುಸ್ತಕದ ಬಗ್ಗೆ ಯೋಚಿಸಿದ್ದೆನೇ ಹೊರತು ಜನರ ಬಗ್ಗೆ ಅಲ್ಲ. ಎರಡು ವರ್ಷ ಊರಿಗೆ ಊರೇ ನನ್ನ ಮಾತು ಕೇಳಿ ಹೊರಡುತ್ತಿದ್ದದ್ದನ್ನು ಕಂಡೂ ಅದು ನನಗೆ ಹೊಳೆಯಲಿಲ್ಲ. ಕಚೇರಿಯ ಕಿಟಕಿಯಿಂದ ನೋಡಿದರೆ ‘ಕೆರೆಗೆ’ ಬೋರ್ಡಿನ ಬಸ್ಸುಗಳು ಒಂದರ ಹಿಂದೆ ಒಂದು ನಮ್ಮ ಬೀದಿಯತ್ತ ತಿರುಗುತ್ತಿದ್ದವು. ಎಂಟರ ಹೊತ್ತಿಗೆ ಅಡಿವೆಪ್ಪ ಸರ್ ಬಂದರು. ಸಿಡುಕಿನ ಮನುಷ್ಯರಲ್ಲ, ಅವತ್ತೂ ದನಿ ಏರಿಸಲಿಲ್ಲ.

“ಏನವಾ, ಏನ್ ಮಾಡಿದಿ ಇದು? ಗಂಟೆಮನಿ ಮಂದಿ ಫೋನ್ ಮಾಡ್ಯಾರ. ಕೆರಿ ಅವರ ಬಾಗಲದಾಗ ಬಂದು ನಿಂತೈತಿ, ನೋಡಾಕ ಒಂದ್ ನರಪಿಳ್ಳೆ ಇಲ್ಲ” ಎಂದರು.

ಮೇಜಿನ ಮೇಲೆ ಗಂಟೆಮನೆ ಎಂದು ನನ್ನದೇ ಕೈಬರಹದ ಚೀಟಿ ಬಿದ್ದಿತ್ತು. ಅವರು ಅದನ್ನೂ ನೋಡಿದರು, ನನ್ನ ವಿಳಾಸ ಯಾವ ಬೀದಿಯದು ಎಂಬುದನ್ನೂ ನೆನಪು ಮಾಡಿಕೊಂಡರು. ಪುಸ್ತಕದಲ್ಲಿ ಗಂಟೆಮನೆ ಎಂದೇ ಬರೆದರು. ಕಟ್ಟಳೆಯ ಪ್ರಕಾರ ತಪ್ಪು ಹೇಳಿದ ದನಿಯೇ ಮುಂದಿನ ಭಾನುವಾರ ಅದೇ ಮೈಕಿನಲ್ಲಿ ತಿದ್ದುಪಡಿ ಹೇಳಬೇಕು, ಆಮೇಲೆ ನಿನಗೆ ಇಲ್ಲಿ ಕೆಲಸವಿಲ್ಲ ಎಂದರು. ನಾನು ತಲೆಯಾಡಿಸಿ ಬಸ್ಸು ಹತ್ತಿದೆ.

ಸಾಣೆಕಲ್ಲು ಬೀದಿಯನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡವರು, ಟೈರಿನ ಟ್ಯೂಬು ಹೊತ್ತವರು, ಎರಡು ಮನೆಯವರು ಸೇರಿ ಹೊತ್ತು ತಂದ ದೋಣಿ, ಈಜಿನ ಕನ್ನಡಕ ಹಾಕಿಕೊಂಡೇ ಬಸ್ಸಿಳಿದ ಒಬ್ಬ ಯಜಮಾನರು. ಎಲ್ಲರೂ ಒಣ ರಸ್ತೆಯ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಮ್ಮ ಬೀದಿಯ ಮನೆಗಳು ನಾಚಿಕೆಯಿಂದ ಬಾಗಿಲು ಹಾಕಿಕೊಂಡಿದ್ದವು. ಒಂದು ಬಾಗಿಲು ಮಾತ್ರ ತೆರೆದಿತ್ತು. ಅದರ ಮುಂದೆ, ಕೆರೆ ಬಂದಾಗ ಉಡುವಂತೆ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದ ಪುಟ್ಟಲಿಂಗಮ್ಮನವರು ಮಜ್ಜಿಗೆಯ ಕೊಳಗ ಹಿಡಿದು ನಿಂತಿದ್ದರು.

“ನೀರಿಲ್ಲ ಕಣ್ರಪ್ಪ. ಮಜ್ಜಿಗೆ ಐತೆ. ಇಷ್ಟ್ ದೂರ ಬಂದವ್ರು ಬಂದಿದ್ದೀರ, ಕುಂತ್ಕಳಿ” ಎಂದರು.

ಬಹಳ ಜನ ಕೆರೆ ಎಲ್ಲಿದೆಯೆಂದು ಅವರಿವರಿಂದ ತಿಳಿದು, ಗೊಣಗುತ್ತ ಗಂಟೆಮನೆಯ ಬಸ್ಸು ಹಿಡಿದರು. ಕೆಲವರು ಉಳಿದರು, ಮೊದಲು ಬಿಸಿಲಿಗೆ ಸುಸ್ತಾಗಿ, ಆಮೇಲೆ ಸುಮ್ಮನೆ. ಮಕ್ಕಳು ಟ್ಯೂಬುಗಳನ್ನು ರಸ್ತೆಯಲ್ಲಿ ಉರುಳಿಸಿದರು. ದೋಣಿಯವರು ದೋಣಿಯನ್ನು ರಸ್ತೆಯ ನಡುವೆ ಇಟ್ಟು ಅದರೊಳಗೇ ಕೂತು ಬುತ್ತಿ ಬಿಚ್ಚಿದರು. ಈಜಿನ ಕನ್ನಡಕದ ಯಜಮಾನರು ಅದನ್ನು ಹಣೆಗೇರಿಸಿಕೊಂಡು ಇಸ್ಪೀಟು ಕಲೆಸಿದರು. ಮಧ್ಯಾಹ್ನದ ಹೊತ್ತಿಗೆ ಎದುರುಮನೆಯ ಬಾಗಿಲು ತೆರೆಯಿತು, ಆಮೇಲೆ ಮೂಲೆಮನೆಯದು. ಇಬ್ಬರೂ ಪೈಪೋಟಿಗೆ ಬಿದ್ದವರಂತೆ ಗಟ್ಟಿ ಮಜ್ಜಿಗೆ ತಂದರು. ಪ್ರೆಸಿಲ್ಲಾ ಲೋಟ ತೊಳೆದೂ ತೊಳೆದೂ ಸುಸ್ತಾಗಿ, “ಎಂತ ಮಾರಾಯ್ತಿ, ನೀರೇ ಇಲ್ಲದ ಕೆರೆಗೆ ಇಷ್ಟು ಲೋಟವಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಸಂಜೆ ಎಲ್ಲರೂ ಹೋದಮೇಲೆ ಅಡುಗೆಮನೆಯಲ್ಲಿ ಪುಟ್ಟಲಿಂಗಮ್ಮನವರ ಎದುರು ಕೂತು, ಅದು ತಪ್ಪಿ ಹೇಳಿದ್ದಲ್ಲ, ಬೇಕೆಂದೇ ಹೇಳಿದ್ದು, ಈ ಮನೆ ಉಳಿಯಲಿ ಎಂದು ಹೇಳಿದ್ದು ಎಂದೆ. ನನ್ನ ಬೆನ್ನು ಸವರುತ್ತಾರೆ ಎಂದು ಒಳಗೊಳಗೆ ಆಸೆಯಿತ್ತು. ಅವರು ಎದ್ದು ಮಜ್ಜಿಗೆಯ ಕೊಳಗ ತೊಳೆದು ಬೋರಲಿಟ್ಟರು.

“ಇಪ್ಪತ್ತೊಂದು ವರ್ಷದಿಂದ ಬಾಗ್ಲು ತೆಗ್ದು ನೋಡ್ತಾ ಇದ್ದೀನಿ ಕಣವ್ವ” ಎಂದರು ಕೊನೆಗೆ. “ಇವತ್ತು ನೋಡ್ದೆ, ಒಣಗಿತ್ತು. ಆದ್ರೂ ನಿನ್ ದನಿ ಹೇಳ್ತಲ್ಲ, ಬತ್ತಾ ಐತೇನೋ ಅಂತ ಮೆಟ್ಲ ಮೇಲೆ ನಿಂತ್ಕಂಡೆ. ಒಂದ್ ಗಂಟೆ ನಿಂತಿದ್ದೆ. ಆ ಒಂದ್ ಗಂಟೆ ನಾನ್ ಹೆಂಗಿದ್ದೆ ಅಂತ ನಿಂಗೆ ಗೊತ್ತಾ?”

ನನಗೆ ಗೊತ್ತಿರಲಿಲ್ಲ. ಊಹಿಸಿಕೊಂಡೆ, ಊಹಿಸಿಕೊಂಡಷ್ಟೂ ಅಳು ಒತ್ತರಿಸಿ ಬಂತು. ಕೋಣೆ ಹೋದರೂ ಚಿಂತೆಯಿಲ್ಲ, ಅವರ ಆ ಒಂದು ಗಂಟೆ ನನ್ನಿಂದ ಆಗಬಾರದಿತ್ತು ಎನ್ನಿಸಿತು. ಚಿಕ್ಕಮರಿಯಪ್ಪನವರು ಬಾಗಿಲಲ್ಲಿ ನಿಂತು, ಹೊಟ್ಟೆಗೆ ಹಾಕಿಕೊಳ್ಳೇ, ಮಗು ಅಳುತ್ತಿದೆ ಎಂದರು. ಪುಟ್ಟಲಿಂಗಮ್ಮನವರು ನನಗೆ ಅನ್ನ ಬಡಿಸಿದರು, ಆದರೆ ಮಾತಾಡಿಸಲಿಲ್ಲ. ಆ ವಾರವೆಲ್ಲ ಹಾಗೆಯೇ ಕಳೆಯಿತು. ಬುಧವಾರ ಪಾಲಿಕೆಯ ಇಬ್ಬರು ಬಂದು ನಮ್ಮ ಮೆಟ್ಟಿಲುಗಳ ಮೇಲೆ ಸುಣ್ಣದಲ್ಲಿ ಗೆರೆ ಎಳೆದರು. ಒಬ್ಬ ತಲೆಯೆತ್ತಿ ನನ್ನ ಕಿಟಕಿಯತ್ತ ಬೊಟ್ಟು ಮಾಡಿ ಇನ್ನೊಬ್ಬನಿಗೆ ಏನೋ ಹೇಳಿದ. ಭಾನುವಾರ ಹತ್ತು ಗಂಟೆಗೆ ಯಂತ್ರ ಬರುವುದೆಂದು ಚಿಕ್ಕಮರಿಯಪ್ಪನವರಿಗೆ ತಿಳಿಸಿ ಹೋದರು. ನಾನು ಟ್ರಂಕಿಗೆ ಬಟ್ಟೆ ತುಂಬಿದೆ.

ಭಾನುವಾರ ಬೆಳಗ್ಗೆ ಕಚೇರಿಗೆ ಹೋದಾಗ ಅಡಿವೆಪ್ಪ ಸರ್ ನನಗಿಂತ ಮೊದಲೇ ಬಂದಿದ್ದರು. ಚೀಟಿಯಲ್ಲಿ ಕೆರೆ ಮಗ್ಗದಸಾಲು ಬೀದಿಯಲ್ಲಿದೆ ಎಂದಿತ್ತು. ಅದರ ಕೆಳಗೆ ತಿದ್ದುಪಡಿಯನ್ನು ಅವರೇ ಎರಡು ಸಾಲಿನಲ್ಲಿ ಬರೆದಿಟ್ಟಿದ್ದರು: ಕಳೆದ ವಾರದ ಪ್ರಕಟಣೆ ತಪ್ಪಾಗಿತ್ತು, ಸಾರ್ವಜನಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ. ಮೈಕಿನ ಗುಂಡಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ನಾನು ಮಗ್ಗದಸಾಲು ಎಂದು ಎರಡು ಸಲ ಹೇಳಿದೆ. ತಿದ್ದುಪಡಿಯ ಮೊದಲ ಸಾಲು ಓದಿದೆ. ಎರಡನೆಯದು ಬಾಯಿಗೆ ಬರಲಿಲ್ಲ, ಯಾಕೆಂದರೆ ತಪ್ಪು ನಮ್ಮದಲ್ಲ, ನನ್ನೊಬ್ಬಳದು.

“ಅದು ಬಾಯಿ ತಪ್ಪಿ ಬಂದ ಮಾತಲ್ಲ” ಎಂದೆ ಮೈಕಿನಲ್ಲಿ. “ನಾನು ಸುಳ್ಳು ಹೇಳಿದೆ. ಸಾಣೆಕಲ್ಲು ಬೀದಿಗೆ ಕೆರೆ ಬಂದಿರಲಿಲ್ಲ, ಇಪ್ಪತ್ತೆರಡು ವರ್ಷದಿಂದ ಬಂದಿಲ್ಲ. ಇವತ್ತು ಹತ್ತು ಗಂಟೆಗೆ ಅಲ್ಲಿಯ ಮೆಟ್ಟಿಲು ಒಡೆಯುತ್ತಾರೆ. ನನ್ನ ಮಾತು ನಂಬಿ ಅಲ್ಲಿ ಒಬ್ಬರು ಒಂದು ಗಂಟೆ ನೀರಿಗಾಗಿ ಕಾದು ನಿಂತಿದ್ದರು. ನೀವೂ ಬಂದು ಮೋಸಹೋದಿರಿ. ಆದರೂ ಅವರು ನಿಮಗೆ ಮಜ್ಜಿಗೆ ಕೊಟ್ಟರು. ನಾನು ಕ್ಷಮೆ ಕೇಳಬೇಕಾದದ್ದು ಅವರನ್ನು, ಮತ್ತೆ ನಿಮ್ಮನ್ನು. ಇನ್ನು ಮೇಲೆ ಈ ದನಿ ಕೇಳಿಸುವುದಿಲ್ಲ.”

ಅಡಿವೆಪ್ಪ ಸರ್ ಅವರ ಕೈ ಗುಂಡಿಯ ಮೇಲೇ ಇತ್ತು. ಒಂದು ಸಲ ಒತ್ತಿದ್ದರೆ ನನ್ನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವರು ಒತ್ತಲಿಲ್ಲ. ನಾನು ಎದ್ದಮೇಲೆ ಗುಂಡಿ ಆರಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಹೋಗವಾ. ನಿನ್ನ ಹಂಗ ಹೇಳೋರು ಇನ್ನೊಬ್ರು ಸಿಗೂದು ಕಷ್ಟ” ಎಂದರು. ಯಾವುದನ್ನು ಕುರಿತು ಹೇಳಿದರೋ, ಸುಳ್ಳನ್ನೋ ತಿದ್ದುಪಡಿಯನ್ನೋ, ನಾನು ಕೇಳಲಿಲ್ಲ.

ವಾರದ ಬಾಕಿ ದೂರುಗಳನ್ನೆಲ್ಲ ಬರೆದು ಮುಗಿಸಿ, ನನ್ನ ಡಬ್ಬಿ, ನೀರಿನ ಬಾಟಲಿ, ಡ್ರಾಯರಿನಲ್ಲಿದ್ದ ಬಾಚಣಿಗೆ ಎಲ್ಲ ಚೀಲಕ್ಕೆ ಹಾಕಿಕೊಂಡು, ಮುಂದಿನವಳಿಗೆಂದು ಬೀದಿಗಳ ಪಟ್ಟಿಯನ್ನು ಓರಣವಾಗಿಟ್ಟು ಹೊರಡುವಾಗ ಒಂಬತ್ತೂವರೆ ಆಗಿತ್ತು. ಬಸ್ ಸ್ಟಾಪಿನಲ್ಲಿ ಮಗ್ಗದಸಾಲಿನ ಬಸ್ಸುಗಳು ತುಂಬಿ ಹೋಗುತ್ತಿದ್ದವು. ಸಾಣೆಕಲ್ಲು ಬೀದಿಯ ಕಡೆಗೆ ಹೋಗುವ ಬಸ್ಸು ಭಾನುವಾರ ಖಾಲಿ ಬರುತ್ತದೆ, ಕೆಲವು ಸಲ ಬರುವುದೂ ಇಲ್ಲ. ಅವತ್ತು ಬಂತು, ಆದರೆ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ನನ್ನನ್ನು ಒಳಗೆ ತಳ್ಳಿಕೊಂಡು ಎಲ್ಲಿಗೆ ಎಂದ. ನನ್ನ ದನಿ ಗುರುತು ಸಿಕ್ಕೀತೆಂದು ಮೆಲ್ಲಗೆ ಸಾಣೆಕಲ್ಲು ಬೀದಿ ಎಂದೆ. ಇಡೀ ಬಸ್ಸೇ ಅಲ್ಲಿಗೆ ಹೋಗ್ತಿದೆ ತಗೊಳಿ ಎಂದು ಟಿಕೆಟು ಹರಿದುಕೊಟ್ಟ.

ನನಗೆ ನಂಬಿಕೆ ಬರಲಿಲ್ಲ. ಸುತ್ತ ನೋಡಿದೆ. ಯಾರ ಕೈಯಲ್ಲೂ ಟವಲು ಇರಲಿಲ್ಲ, ಟ್ಯೂಬು ಇರಲಿಲ್ಲ. ಒಬ್ಬರ ತೊಡೆಯ ಮೇಲೆ ಬುತ್ತಿ, ಒಬ್ಬರ ಕೈಯಲ್ಲಿ ಹೆಣೆಯುತ್ತಿದ್ದ ಸ್ವೆಟರು, ಇಬ್ಬರು ಹುಡುಗರ ನಡುವೆ ಕೇರಂ ಬೋರ್ಡು. ಹೋಗಿ ಸ್ವಲ್ಪ ಹೊತ್ತು ಕೂತು ಬರೋಣ ಎಂದು ಹೊರಟಿದ್ದ ಸಾಮಾನ್ಯ ಜನ. ನನ್ನಂತೆಯೇ ಆರು ದಿನ ಎಲ್ಲಿಯೂ ಕೂರಲು ಜಾಗವಿಲ್ಲದವರು ಎಂಬುದು ನೋಡಿದೊಡನೆ ತಿಳಿಯುತ್ತಿತ್ತು.

ಬೀದಿಯ ಬಾಯಲ್ಲಿ ಹಳದಿ ಯಂತ್ರ ನಿಂತಿತ್ತು, ಅದರ ಮುಂಗೈ ಮೇಲಕ್ಕೆದ್ದಿತ್ತು. ಅದರ ಆಚೆ ನಮ್ಮ ಬೀದಿಯ ಅಷ್ಟೂ ಮನೆಗಳ ಅಷ್ಟೂ ಮೆಟ್ಟಿಲುಗಳ ಮೇಲೆ ಜನ ಕೂತಿದ್ದರು. ಸುಣ್ಣದ ಗೆರೆಗಳು ಅವರ ಅಡಿಯಲ್ಲಿ ಎಲ್ಲೋ ಮುಚ್ಚಿಹೋಗಿದ್ದವು. ಪಾಲಿಕೆಯ ಎಂಜಿನಿಯರು ಕಾಗದ ಹಿಡಿದು ಒಂದು ಸುತ್ತು ಬಂದರು. ಭಾನುವಾರ, ಮೆಟ್ಟಿಲ ಮೇಲೆ ಕೂತವರನ್ನು ಏಳಿಸುವಂತಿಲ್ಲ. ಕಟ್ಟಳೆಯಲ್ಲಿ ನೀರಿನ ಮಾತು ಎಲ್ಲಿದೆ ಎಂದು ಚಿಕ್ಕಮರಿಯಪ್ಪನವರು ಅವರನ್ನು ಬಹಳ ವಿನಯದಿಂದ ಕೇಳುತ್ತಿದ್ದರು. ಎಂಜಿನಿಯರಿಗೆ ಎಲ್ಲಿಯೂ ಸಿಗಲಿಲ್ಲ. ಯಂತ್ರದ ಡ್ರೈವರು ಕೆಳಗಿಳಿದು ಎದುರುಮನೆಯ ಮೊದಲ ಮೆಟ್ಟಿಲ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಮುಂದಿನ ಭಾನುವಾರ ಬರುತ್ತೇವೆ ಎಂದು ಎಂಜಿನಿಯರು ಹೇಳಿದರಂತೆ. ಬನ್ನಿ, ನಾವೂ ಬರುತ್ತೇವೆ ಎಂದು ಯಾರೋ ಅಂದರಂತೆ.

ಪುಟ್ಟಲಿಂಗಮ್ಮನವರು ಕೊಳಗ ಹಿಡಿದು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿದ್ದರು. ನನ್ನನ್ನು ಕಂಡು ನಿಂತರು. ಒಂದು ವಾರದಿಂದ ಆಡದ ಮಾತು ಈಗಲೂ ಬರುವುದಿಲ್ಲವೇನೋ ಎಂದುಕೊಂಡೆ.

“ಕೇಳುಸ್ಕಂಡೆ” ಎಂದರು. “ಕಂಬದ ಕೆಳಗೇ ನಿಂತಿದ್ದೆ.” ಆಮೇಲೆ ಒಂದು ಲೋಟ ತುಂಬಿ ನನ್ನ ಕೈಗೆ ಕೊಟ್ಟು, “ನಿಂತ್ಕಂಡ್ ಕುಡೀಬ್ಯಾಡ, ಕುಂತ್ಕ” ಎಂದು ಮುಂದೆ ಹೋದರು.

ಕೂರಲು ಜಾಗ ಹುಡುಕಿದೆ. ನಮ್ಮ ಮನೆಯ ಐದನೆಯ ಮೆಟ್ಟಿಲ ಮೇಲೆ ಸ್ವೆಟರು ಹೆಣೆಯುತ್ತಿದ್ದ ಹೆಂಗಸು ನನ್ನ ಕೈಯ ಲೋಟ ನೋಡಿ ಉಣ್ಣೆಯ ಉಂಡೆಯನ್ನು ಮಡಿಲಿಗೆ ಎಳೆದುಕೊಂಡು ಒಂದಿಷ್ಟು ಸರಿದರು. ಬನ್ನಿ, ಇಬ್ಬರಿಗೆ ಆಗುತ್ತೆ ಎಂದರು. ಆಮೇಲೆ ಹೊಸಬರನ್ನು ಮಾತಾಡಿಸುವ ಹಾಗೆ, ಈ ಮೆಟ್ಟಿಲಿಗೆ ಮೊದಲನೇ ಸಲಾನಾ ಎಂದು ಕೇಳಿದರು. ತಲೆಯ ಮೇಲೆಯೇ ನನ್ನ ಕಿಟಕಿ ಇತ್ತು. ಎರಡು ವರ್ಷ ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿ ಇಳಿದಿದ್ದೆ, ಊರಿನ ಎಷ್ಟೋ ಮನೆಗಳ ಮೆಟ್ಟಿಲ ಮೇಲೆ ಕೂತು ಬಂದಿದ್ದೆ, ಇದರ ಮೇಲೆ ಒಂದು ದಿನವೂ ಕೂತಿರಲಿಲ್ಲ.

“ಹೂಂ, ಮೊದಲನೇ ಸಲ” ಎಂದು ಹೇಳಿ ಕೂತೆ.